ಜರ್ಮನಿಯ ಒಂದು ಕೋಣೆಯ ಮನೆಗೆ ನಾವೇ ಮಾಡಿಕೊಳ್ಳುವ ಸಾಮಾನು

ಜರ್ಮನಿಗೆ ಓದಲಿಕ್ಕೋ ಕೆಲಸಕ್ಕೋ ಒಬ್ಬರೇ ಬಂದವರಿಗೆ ಮೊದಲು ಸಿಗುವುದು ಹೆಚ್ಚಾಗಿ ಒಂದೇ ಕೋಣೆಯ ಮನೆ. ಮಲಗುವುದು, ಓದುವುದು, ಉಣ್ಣುವುದು, ಬಂದವರನ್ನು ಕೂರಿಸುವುದು ಎಲ್ಲ ಅಲ್ಲೇ. ಮನೆಯನ್ನು ಖಾಲಿ ಕೊಡುವುದು ಇಲ್ಲಿನ ರೂಢಿ. ಎಷ್ಟೋ ಕಡೆ ಅಡುಗೆಗೆ ಅಂತ ನೀರಿನ ಪೈಪು, ಕರೆಂಟಿನ ತಂತಿ ಬಿಟ್ಟರೆ ಸಿಂಕೂ ಇರುವುದಿಲ್ಲ.

ಬಂದ ವಾರವೇ ಇಕಿಯಾಗೆ ಹೋಗಿ ಸೋಫಾ, ಊಟದ ಮೇಜು ತಂದು ತುಂಬಬೇಡಿ. ಒಂದೆರಡು ವಾರ ಚಾಪೆ, ಜಮಖಾನದಲ್ಲೇ ಕಳೆಯಿರಿ. ನೆಲದ ಮೇಲೆ ಕೂತು ಉಣ್ಣುವುದು ನಮಗೆ ಹೊಸದಲ್ಲ ಅಲ್ವಾ? ಬೆಳಕು ಎಲ್ಲಿ ಬೀಳುತ್ತದೆ, ಬಾಗಿಲು ಎಲ್ಲಿಯವರೆಗೆ ತೆರೆಯುತ್ತದೆ, ಹೀಟರ್ ಯಾವ ಗೋಡೆಗಿದೆ ಎಂದು ನೋಡಿಕೊಂಡು ಅಳತೆ ತೆಗೆದುಕೊಳ್ಳಿ. ಆಮೇಲೆ ಒಂದೊಂದೇ ಸಾಮಾನು ಬರಲಿ. ಬರುವ ಪ್ರತಿಯೊಂದೂ ಎರಡು ಕೆಲಸ ಮಾಡಬೇಕು, ಬಿಚ್ಚಿ ಒಯ್ಯುವ ಹಾಗೂ ಇರಬೇಕು. ಮೊದಲ ಮನೆಯಲ್ಲೇ ನೀವು ಉಳಿಯುವುದಿಲ್ಲ.

ಹಾಸಿಗೆಯನ್ನು ಮಾತ್ರ ನೆಲದ ಮೇಲೆ ಬಹಳ ದಿನ ಬಿಡಬೇಡಿ. ಚಳಿಗಾಲದಲ್ಲಿ ನೆಲ ತಣ್ಣಗಿರುತ್ತದೆ. ಮೈಯ ಬೆವರಿನ ತೇವ ಕೆಳಗಿಳಿದು ಅಲ್ಲೇ ನಿಂತು ಹಾಸಿಗೆಗೆ ಬೂಷ್ಟು ಹಿಡಿಯುತ್ತದೆ. ಕೆಳಗಿನಿಂದ ಗಾಳಿ ಆಡಲೇಬೇಕು. ಎಲ್ಲರೂ ಹೇಳುವ ಉಪಾಯ ಪ್ಯಾಲೆಟ್ ಮಂಚ, ಅಂದರೆ ಅಂಗಡಿಗಳಿಗೆ ಸರಕು ಹೇರಿ ಸಾಗಿಸುವ ಮರದ ಹಲಗೆಯ ಚೌಕಟ್ಟುಗಳನ್ನು ಜೋಡಿಸಿದ ಮಂಚ. ಯೂರೋ ಪ್ಯಾಲೆಟ್ 120 ಸೆಂ.ಮೀ. ಉದ್ದ, 80 ಸೆಂ.ಮೀ. ಅಗಲ. ನಾಲ್ಕು ಜೋಡಿಸಿದರೆ 160ಕ್ಕೆ 240 ಆಗುತ್ತದೆ. 160ಕ್ಕೆ 200ರ ಹಾಸಿಗೆ ಹಾಕಿದರೆ ತಲೆಯ ಕಡೆ 40 ಸೆಂ.ಮೀ. ಮಿಗುತ್ತದೆ, ದೀಪ, ಪುಸ್ತಕ ಇಡಲಿಕ್ಕೆ ಸಾಕು. ಪ್ಯಾಲೆಟ್‌ನ ಕಾಲಿನ ಮೇಲಿನ ಮುದ್ರೆ ನೋಡಿ. ಎಚ್‌ಟಿ ಅಂದರೆ ಹುಳ ಸಾಯಲಿ ಅಂತ ಮರವನ್ನು ಕಾಯಿಸಿದ್ದು. ಎಂಬಿ ಅಂದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಅನಿಲ ಹಾಯಿಸಿದ್ದು, ಅದು ಮನೆಯೊಳಗೆ ಬೇಡವೇ ಬೇಡ. ಅಂಗಡಿಯ ಹಿಂದೆ ಇಟ್ಟದ್ದನ್ನು ಸುಮ್ನೆ ಎತ್ತಿಕೊಂಡು ಬರುವ ಹಾಗಿಲ್ಲ. ಕಂಪನಿಗಳು ಅವನ್ನು ಒಬ್ಬರಿಗೊಬ್ಬರು ಬದಲಾಯಿಸಿಕೊಳ್ಳುತ್ತವೆ, ಅದಕ್ಕೆ ಬೆಲೆಯಿದೆ. ಕೇಳಿ ತನ್ನಿ.

ಆದರೂ ಒಂದೇ ಕೋಣೆಗೆ ನನ್ನ ಮನಸ್ಸು ಪ್ಯಾಲೆಟ್ ಮಂಚಕ್ಕೆ ಒಪ್ಪುವುದಿಲ್ಲ. ಕೆಳಗಿನ ಜಾಗವೆಲ್ಲ ದಂಡ. ಊರಿಂದ ತಂದ ಎರಡು ದೊಡ್ಡ ಸೂಟ್‌ಕೇಸ್ ಎಲ್ಲಿಡುತ್ತೀರಿ? ಯಾರೋ ಮಾರುವ ಹಳೆಯ ಮಂಚ ತಂದು, ಸೂಟ್‌ಕೇಸ್ ಮಲಗಿಸಿ ತಳ್ಳುವಷ್ಟು, ಅಂದರೆ ಸುಮಾರು 35 ಸೆಂ.ಮೀ. ಎತ್ತರದ ಗಟ್ಟಿ ಕಾಲು ಹಾಕಿ. ಹಳೆಯ ಕಟ್ಟಡದಲ್ಲಿ ಮೂರು ಮೀಟರ್ ಎತ್ತರದ ಚಾವಣಿ ಸಿಕ್ಕಿದರೆ ನೀವು ಅದೃಷ್ಟವಂತರು. ಅಟ್ಟದ ಮಂಚ ಮಾಡಿ ಕೆಳಗೆ ಓದುವ ಮೇಜು ಇಡಬಹುದು.

ಸೋಫಾದ ಬದಲು ನಾನು ಎಲ್ಲರಿಗೂ ಹೇಳುವುದು ಜಗಲಿ. ಮೇಲೆ ಕೂರಲಿಕ್ಕೆ, ಒಳಗೆ ಅಕ್ಕಿ ಚೀಲ, ಕಂಬಳಿ, ಕುಕ್ಕರ್ ಇಡಲಿಕ್ಕೆ. ಓಬಿ, ಬೌಹೌಸ್, ಹೋರ್ನ್‌ಬಾಖ್‌ನಂಥ ದೊಡ್ಡ ಅಂಗಡಿಗಳಲ್ಲಿ ಹಲಗೆಯನ್ನು ನಿಮ್ಮ ಅಳತೆಗೆ ಕೊಯ್ದು ಕೊಡುತ್ತಾರೆ. ಹಾಗಾಗಿ ಮನೆಯಲ್ಲಿ ಗರಗಸ ಬೇಕಿಲ್ಲ. ಅಳತೆಯನ್ನು ಮಿಲಿಮೀಟರಿನಲ್ಲಿ ಚೀಟಿಯಲ್ಲಿ ಬರೆದುಕೊಂಡು ಹೋಗಿ, ಭಾಷೆ ಬಾರದಿದ್ದರೂ ಕೆಲಸ ಆಗುತ್ತದೆ. 18 ಮಿ.ಮೀ. ದಪ್ಪದ ಪೈನ್ ಹಲಗೆಯಲ್ಲಿ 1200ಕ್ಕೆ 400ರವು ಮೂರು: ಮುಂದೆ, ಹಿಂದೆ, ಮುಚ್ಚಳ. ಎರಡು ಬದಿಗೆ 364ಕ್ಕೆ 400, ತಳಕ್ಕೆ 1164ಕ್ಕೆ 364, ನಡುವಿನ ಅಡ್ಡಹಲಗೆಗೆ 364ಕ್ಕೆ 382. ಬದಿ ಹಲಗೆಗಳು ಮುಂದಿನ, ಹಿಂದಿನ ಹಲಗೆಗಳ ನಡುವೆ ಕೂರುತ್ತವೆ, ತಳ ಈ ನಾಲ್ಕರ ಒಳಗೆ. ನಡುವಿನ ಹಲಗೆ ಬಿಡಬೇಡಿ, ಇಬ್ಬರು ಕೂತರೆ ಮುಚ್ಚಳ ಬಾಗದಂತೆ ಹಿಡಿಯುವುದು ಅದೇ. ಮೊದಲು 3 ಮಿ.ಮೀ. ತೂತು ಕೊರೆದು ಆಮೇಲೆ 4ಕ್ಕೆ 40ರ ಸ್ಕ್ರೂ ಹಾಕಿ, ಇಲ್ಲದಿದ್ದರೆ ಹಲಗೆಯ ಅಂಚು ಸೀಳುತ್ತದೆ. ಮುಚ್ಚಳಕ್ಕೆ ಕೀಲು ಬೇಡ. ಕೆಳಮುಖಕ್ಕೆ ಒಳಗೆ ಹಿಡಿಸುವಂತೆ ಎರಡು ಪಟ್ಟಿ ಹೊಡೆದರೆ ಜರುಗುವುದಿಲ್ಲ. ಮೇಲೊಂದು ತೆಳು ದಿಂಬು ಹಾಕಿದರೆ ಕುರ್ಚಿಯ ಎತ್ತರಕ್ಕೇ ಬರುತ್ತದೆ. ಹೀಟರ್ ಮುಂದೆ ಇಡಬೇಡಿ. ಹೊರಗೋಡೆಯ ಬಳಿಯಾದರೆ 5ರಿಂದ 10 ಸೆಂ.ಮೀ. ಬಿಟ್ಟು ಇಡಿ, ಬೂಷ್ಟಿನ ಕಾಟ ಅಲ್ಲೂ ಇದೆ.

ಮಲಗುವ ಜಾಗ ಮರೆಮಾಡಲು ಇಕಿಯಾದ ಕಲಾಕ್ಸ್ ಎಂಬ ಚೌಕ ಗೂಡುಗಳ ಕಪಾಟು ಚೆನ್ನಾಗಿದೆ. ಎಂಟು ಗೂಡಿನದು 147 ಸೆಂ.ಮೀ. ಎತ್ತರ, ಹಿಂಬದಿ ಇಲ್ಲದ್ದರಿಂದ ಬೆಳಕು ದಾಟುತ್ತದೆ. ಮಕ್ಕಳಿದ್ದರೆ ನಿಲ್ಲಿಸಬೇಡಿ, ಅಡ್ಡ ಮಲಗಿಸಿ. ಒಂದು ಗೂಡು ದೇವರಿಗೆ ಆಗುತ್ತದೆ, ಆದರೆ ದೀಪವನ್ನು ಅದರೊಳಗೆ ಹಚ್ಚಬೇಡಿ. ಮೇಲಿನ ಹಲಗೆ ತೀರಾ ಹತ್ತಿರ.

ರಸ್ತೆ ಬದಿಯಲ್ಲಿ ‘ತ್ಸು ಫೆರ್‌ಶೆಂಕನ್’ (ಸುಮ್ಮನೆ ಕೊಡುತ್ತೇವೆ) ಎಂದು ಚೀಟಿ ಅಂಟಿಸಿ ಇಟ್ಟದ್ದನ್ನು ಸಂಕೋಚವಿಲ್ಲದೆ ತನ್ನಿ. ಮರದ ಸಾಮಾನಾದರೆ ಸರಿ, ಹಾಸಿಗೆ, ಬಟ್ಟೆಯ ಸೋಫಾ ಬೇಡ. ತಿಗಣೆ ಬಂದರೆ ಕಳಿಸುವುದು ಬಹಳ ಕಷ್ಟ.

ಗೋಡೆ ಕೊರೆಯುವಾಗ ಪ್ಲಗ್ ಪಾಯಿಂಟಿನ ನೇರ ಮೇಲೆ, ಕೆಳಗೆ, ಪಕ್ಕದಲ್ಲಿ ಕೊರೆಯಬೇಡಿ, ತಂತಿ ಅದೇ ದಾರಿಯಲ್ಲಿ ಹೋಗಿರುತ್ತದೆ. ಭಾನುವಾರವಂತೂ ಡ್ರಿಲ್ ಮುಟ್ಟಲೇಬೇಡಿ. ರಾತ್ರಿ 10ರಿಂದ ಬೆಳಗ್ಗೆ 6ರವರೆಗೂ ಅಷ್ಟೆ. ಕೆಲವು ಕಟ್ಟಡಗಳಲ್ಲಿ ಮಧ್ಯಾಹ್ನವೂ ಸದ್ದು ಮಾಡುವಂತಿಲ್ಲ, ಬಾಡಿಗೆ ಪತ್ರದ ಜೊತೆ ಕೊಟ್ಟ ನಿಯಮ ಓದಿ. ಡ್ರಿಲ್ ಕೊಳ್ಳುವ ಮುಂಚೆ ಪಕ್ಕದವರನ್ನೋ ನಮ್ಮ ಕನ್ನಡದವರನ್ನೋ ಕೇಳಿ, ಒಬ್ಬರ ಹತ್ತಿರವಾದರೂ ಇರುತ್ತದೆ. ಮನೆ ಬದಲಿಸಲು ಜಗಲಿ ಬಿಚ್ಚುವಾಗ ಪ್ರತಿ ಹಲಗೆಯ ಒಳಬದಿಗೆ ಪೆನ್ಸಿಲ್‌ನಲ್ಲಿ ನಂಬರ್ ಬರೆದು, ಸ್ಕ್ರೂಗಳನ್ನು ಸಣ್ಣ ಕವರಿನಲ್ಲಿ ಹಾಕಿ ತಳದ ಹಲಗೆಗೇ ಟೇಪ್ ಹಚ್ಚಿಬಿಡಿ.