ತೂಕದ ಸರ್ವಿಸನ್ನು ಕರೆದವರು ಯಾರು?

ಶಿರಸಿ ಕಡೆಯ ಅಡಿಕೆ ವ್ಯಾಪಾರಕ್ಕೆಂದು ಎರಡು ಆಂಡ್ರಾಯ್ಡ್ ಆ್ಯಪ್ ಮಾಡಿದ್ದೇವೆ. ಒಂದು ಬ್ಲೂಟೂತ್ ತಕ್ಕಡಿಯಿಂದ ತೂಕ ಓದುತ್ತದೆ, ಇನ್ನೊಂದು ಚಾಲಿ, ರಾಶಿ, ಬೆಟ್ಟೆ ಎಂದು ಅಡಿಕೆಯ ಬಗೆ ನೋಡಿ ಬಿಲ್ ಹಾಕುತ್ತದೆ. ನಡುವೆ ಇರುವುದು ಎಐಡಿಎಲ್ ಸರ್ವಿಸ್, ಅಂದರೆ ಒಂದು ಆ್ಯಪ್ ಇನ್ನೊಂದರ ಮೆಥಡ್‌ಗಳನ್ನು ಕರೆಯಲು ಆಂಡ್ರಾಯ್ಡ್‌ನಲ್ಲಿರುವ ದಾರಿ. ತಕ್ಕಡಿಯನ್ನು ಸೊನ್ನೆಗೆ ತರುವ ಕರೆಯೂ ಅದರಲ್ಲಿದೆ. ಚೀಲ ಮೇಲಿರುವಾಗ ಬೇರೆ ಯಾವುದೋ ಆ್ಯಪ್ ಇದನ್ನು ಕರೆದರೆ ಬೆಳೆಗಾರರ ಅಡಿಕೆಯೇ ಲೆಕ್ಕದಿಂದ ಮಾಯ.

ಮ್ಯಾನಿಫೆಸ್ಟ್‌ನಲ್ಲಿ (ಆ್ಯಪ್‌ನ ವಿವರ ಇರುವ ಕಡತ) ಸಿಗ್ನೇಚರ್ ಮಟ್ಟದ, ಅಂದರೆ ಒಂದೇ ಕೀಯಿಂದ ಸಹಿಯಾದ ಆ್ಯಪ್‌ಗಳಿಗೆ ಮಾತ್ರ ಸಿಗುವ, ಸ್ವಂತ ಪರ್ಮಿಷನ್ ಘೋಷಿಸಿ ಸರ್ವಿಸ್‌ಗೆ ಹಾಕಿದೆವು. ಅಷ್ಟು ಸಾಲದು. ಅದು ಬೈಂಡ್ ಆಗುವಾಗ, ಅಂದರೆ ಆ್ಯಪ್ ಸರ್ವಿಸ್‌ಗೆ ಜೋಡಿಕೊಳ್ಳುವಾಗ, ಮಾತ್ರ ನೋಡುತ್ತದೆ. ಸಿಕ್ಕ ಬೈಂಡರನ್ನು (ಕರೆ ಕಳಿಸುವ ಹಿಡಿಕೆ) ಇನ್ನೊಂದು ಆ್ಯಪ್‌ಗೆ ದಾಟಿಸಲು ಬರುತ್ತದೆ. ‘ಆನ್‌ಬೈಂಡ್’ (ಬೈಂಡ್ ಆಗುವಾಗ ನಡೆಯುವ ಮೆಥಡ್) ಒಳಗೆ ತಪಾಸಣೆ ಬರೆದರೂ ಉಪಯೋಗವಿಲ್ಲ. ಅದು ಮುಖ್ಯ ಥ್ರೆಡ್‌ನಲ್ಲಿ ನಡೆಯುತ್ತದೆ, ಅಲ್ಲಿ ಕರೆದವರ ಗುರುತೇ ಇರುವುದಿಲ್ಲ.

ಆದ್ದರಿಂದ ಪ್ರತಿ ಎಐಡಿಎಲ್ ಮೆಥಡ್‌ನ ಮೊದಲ ಸಾಲಿನಲ್ಲೇ ‘ಎನ್‌ಫೋರ್ಸ್‌ಕಾಲಿಂಗ್‌ಪರ್ಮಿಷನ್’: ಕರೆದವರಿಗೆ ಪರ್ಮಿಷನ್ ಇಲ್ಲದಿದ್ದರೆ ಅಲ್ಲೇ ತಡೆಯುವ ತಪಾಸಣೆ. ಮೊದಲ ಸಾಲು ಎಂದರೆ ಮೊದಲ ಸಾಲೇ. ಕೆಲಸವನ್ನು ಹ್ಯಾಂಡ್ಲರ್‌ಗೆ (ಬೇರೆ ಥ್ರೆಡ್‌ನಲ್ಲಿ ಆಮೇಲೆ ನಡೆಸುವ ಸರತಿ) ಹಾಕಿ ಅಲ್ಲಿ ‘ಗೆಟ್‌ಕಾಲಿಂಗ್‌ಯುಐಡಿ’ ಕೇಳಿದರೆ ನಮ್ಮದೇ ಯುಐಡಿ (ಆ್ಯಪ್‌ನ ಗುರುತಿನ ಸಂಖ್ಯೆ) ಬರುತ್ತದೆ, ಏಕೆಂದರೆ ಕರೆದವರ ಗುರುತು ಇರುವುದು ಕರೆ ಬಂದ ಬೈಂಡರ್ ಥ್ರೆಡ್‌ಗೆ ಮಾತ್ರ. ಜೊತೆಗೆ ‘ಚೆಕ್‌ಕಾಲಿಂಗ್‌ಆರ್‌ಸೆಲ್ಫ್‌ಪರ್ಮಿಷನ್’ ಬಳಸಿದ್ದರಂತೂ ತಪ್ಪು ಕಣ್ಣಿಗೇ ಬೀಳುವುದಿಲ್ಲ: ಹ್ಯಾಂಡ್ಲರ್‌ನೊಳಗೆ ಅದು ನಮ್ಮ ಆ್ಯಪ್‌ಗೆ ಪರ್ಮಿಷನ್ ಇದೆಯೇ ಎಂದು ನೋಡಿ, ಇದ್ದರೆ ಎಲ್ಲರಿಗೂ ಒಪ್ಪಿಗೆ ಕೊಡುತ್ತದೆ. ‘ಆರ್‌ಸೆಲ್ಫ್’ ಇಲ್ಲದ ರೂಪ ಅಲ್ಲಿ ನಿರಾಕರಿಸುತ್ತದೆ, ತಪ್ಪು ಆ ದಿನವೇ ಸಿಗುತ್ತದೆ. ನಾವು ಅದನ್ನೇ ಇಟ್ಟುಕೊಂಡಿದ್ದೇವೆ. ಹ್ಯಾಂಡ್ಲರ್‌ಗೆ ಯುಐಡಿ ಬೇಕಿದ್ದರೆ ಮೊದಲೇ ಓದಿ ಜೊತೆಗೆ ಕಳಿಸಿ. ಪಿಐಡಿ (ಪ್ರೊಸೆಸ್‌ನ ಸಂಖ್ಯೆ) ನಂಬಬೇಡಿ, ಉತ್ತರಕ್ಕೆ ಕಾಯದ ‘ಒನ್‌ವೇ’ ಕರೆಯಲ್ಲಿ ಅದು 0.

ತಪಾಸಣೆ ಮುಗಿದ ಮೇಲೆ ಅದೇ ಥ್ರೆಡ್‌ನಿಂದ ನಮ್ಮದೇ ಕಂಟೆಂಟ್ ಪ್ರೊವೈಡರ್‌ಗೆ (ಆ್ಯಪ್‌ನ ಮಾಹಿತಿ ಇಡುವ ಭಾಗ) ತೂಕ ಬರೆಯಲು ಹೋದರೆ ಸೆಕ್ಯುರಿಟಿ ಎಕ್ಸೆಪ್ಶನ್ ಬಂತು. ಪ್ರೊವೈಡರ್ ಇರುವುದು ಅದೇ ಪ್ರೊಸೆಸ್‌ನಲ್ಲಿ; ಅದರ ಕಣ್ಣಿಗೆ ಕರೆದವರು ಇನ್ನೂ ಬಿಲ್ಲಿಂಗ್ ಆ್ಯಪ್ಪೇ. ‘ಕ್ಲಿಯರ್‌ಕಾಲಿಂಗ್‌ಐಡೆಂಟಿಟಿ’ ಕರೆದು ಕರೆದವರ ಗುರುತಿನ ಜಾಗದಲ್ಲಿ ನಮ್ಮದನ್ನು ಇಟ್ಟು, ಬರೆದು, ‘ಫೈನಲಿ’ಯಲ್ಲಿ (ತಪ್ಪಾದರೂ ನಡೆಯುವ ಭಾಗ) ಹಳೆಯ ಗುರುತನ್ನು ‘ರಿಸ್ಟೋರ್’ ಮಾಡಬೇಕು. ತಪಾಸಣೆಗೆ ಮುಂಚೆ ಕ್ಲಿಯರ್ ಮಾಡಿದರೆ ನಮ್ಮ ತಪಾಸಣೆ ಎಲ್ಲರನ್ನೂ ನಿರಾಕರಿಸುತ್ತದೆ; ‘ಆರ್‌ಸೆಲ್ಫ್’ ರೂಪವಾದರೆ ಬಾಗಿಲು ತೆರೆದಿಟ್ಟಂತೆ.

ಕಾರವಾರದ ಲ್ಯಾಪ್‌ಟಾಪ್‌ನಲ್ಲಿ ಒಂದು ಆ್ಯಪ್, ಶಿರಸಿಯದರಲ್ಲಿ ಇನ್ನೊಂದು ಬಿಲ್ಡ್ ಆದರೆ ಪರ್ಮಿಷನ್ ಸಿಗುವುದಿಲ್ಲ. ಬೆಳವಣಿಗೆಯ ಹಂತದಲ್ಲಿ ಆ್ಯಪ್‌ಗೆ ಸಹಿ ಹಾಕುವ ಡೀಬಗ್ ಕೀ ಒಂದೊಂದು ಯಂತ್ರದಲ್ಲೂ ಬೇರೆ. ಎರಡೂ ಕಡೆ ಒಂದೇ ಕೀಸ್ಟೋರ್ (ಕೀ ಇರುವ ಕಡತ) ಇಡಿ.

ಪರೀಕ್ಷೆಗೆ ಬೇರೆ ಕೀಯಿಂದ ಸಹಿ ಮಾಡಿದ ಮೂರನೇ ಆ್ಯಪ್ ಬೇಕು. ಅದನ್ನು ಬೈಂಡ್ ಹಂತದಲ್ಲೇ ತಡೆದರೆ ಮೆಥಡ್ ತಪಾಸಣೆ ಪರೀಕ್ಷೆಗೇ ಬರುವುದಿಲ್ಲ. ಹಾಗಾಗಿ ಪರೀಕ್ಷಾ ಬಿಲ್ಡ್‌ನಲ್ಲಿ ಮಾತ್ರ ಸರ್ವಿಸ್ ಮೇಲಿನ ಪರ್ಮಿಷನ್ ತೆಗೆದು, ಒಂದೊಂದೇ ಮೆಥಡ್ ಕರೆದು ನೋಡುತ್ತೇವೆ.