ಬೋರ್ ಮೂರಿಂಚು, ದಾರಿ ಹನ್ನೆರಡಡಿ

ಸೇತುವೆಗಾಗಲಿ ಸುರಂಗಕ್ಕಾಗಲಿ, ಕಟ್ಟುವ ಮುಂಚೆ ಕೆಳಗಿನ ಕಲ್ಲು ನೋಡಲು ಕೋರ್ ಡ್ರಿಲ್ಲಿಂಗ್ (ಕಲ್ಲನ್ನು ಕೊರೆದು ಅದರ ಉದ್ದನೆಯ ತುಂಡನ್ನು ಹೊರತೆಗೆಯುವುದು) ಮಾಡಿಸುತ್ತಾರೆ. ಎನ್‌ಎಕ್ಸ್ ಎಂಬ ಸಾಮಾನ್ಯ ಅಳತೆಯ ಬೋರಿನ ವ್ಯಾಸ ಸುಮಾರು 76 ಮಿ.ಮೀ., ಅಂದರೆ ಮೂರಿಂಚು. ಅನುಮತಿಯ ಅರ್ಜಿಯಲ್ಲಿ ಎಲ್ಲರೂ ಬರೆಯುವುದು ಈ ಮೂರಿಂಚನ್ನೇ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಜಾಗ ಪರಿಶೀಲನೆಗೆ ಹೋದಾಗ ನಾನು ಟೇಪು ಹಿಡಿಯುವುದು ಬೇರೆ ಕಡೆ: ಕೊರೆಯುವ ಯಂತ್ರ, ಅಂದರೆ ರಿಗ್, ಹೋಗುವ ದಾರಿ 10–12 ಅಡಿ, ಅದು ನಿಲ್ಲಲು 8–10 ಮೀಟರ್ ಚೌಕದ ಸಮತಟ್ಟು, ಕೆಸರಿನ ಗುಂಡಿ, ಹಳ್ಳದಿಂದ ಎಳೆದ ಪೈಪು. ಹಾಳಾಗುವುದೆಲ್ಲ ಅಲ್ಲೇ.

ಮೊದಲು ಪಹಣಿ. 3ನೇ ಕಾಲಮ್ಮಿನಲ್ಲಿ ಖರಾಬು (ಸಾಗುವಳಿಗೆ ಬಾರದ ಜಾಗ) ಎಷ್ಟಿದೆ, ಅದರಲ್ಲಿ 'ಬ' ಖರಾಬು ಎಷ್ಟು ಎಂದು ನೋಡಿ. 'ಬ' ಎಂದರೆ ಹಳ್ಳ, ದಾರಿ, ಸ್ಮಶಾನದಂಥ ಸಾರ್ವಜನಿಕ ಜಾಗ. ಜಮೀನಿನ ಯಜಮಾನರು ಒಪ್ಪಿದರೂ ಅದು ಅವರು ಕೊಡುವಂಥದ್ದಲ್ಲ. 9ನೇ ಕಾಲಮ್ಮಿನ ಒಡೆಯರ ಹೆಸರು ನೋಡಿ ಸಮಾಧಾನಪಟ್ಟುಕೊಳ್ಳುವವರೇ ಹೆಚ್ಚು, ಮಲೆನಾಡಿನಲ್ಲಿ ಅಷ್ಟು ಸಾಲದು. ಕಾನು (ದಟ್ಟ ಕಾಡಿನ ತುಣುಕು), ಸೊಪ್ಪಿನ ಬೆಟ್ಟ, ಗೋಮಾಳ ಒಂದೊಂದಕ್ಕೂ ಒಂದೊಂದು ಕಾನೂನು. ಸೊಪ್ಪಿನ ಬೆಟ್ಟದಲ್ಲಿ ರೈತರಿಗಿರುವುದು ಸೊಪ್ಪು ತರುವ ಸವಲತ್ತು, ಒಡೆತನವಲ್ಲ. ಕರ್ನಾಟಕ ಅರಣ್ಯ ಕಾಯ್ದೆ 1963ರ ಸೆಕ್ಷನ್ 4ರ ಮೊದಲ ಅಧಿಸೂಚನೆಯಾಗಿ, ಸೆಕ್ಷನ್ 17ರ ಅಂತಿಮ ಅಧಿಸೂಚನೆ ಆಗದೆ ಉಳಿದ ಜಾಗಗಳೂ ಇವೆ. ಸುಪ್ರೀಂ ಕೋರ್ಟಿನ 1996ರ ಗೋದಾವರ್ಮನ್ ತೀರ್ಪಿನ ನಂತರ, ದಾಖಲೆಯಲ್ಲಿ ಅರಣ್ಯ ಎಂದಿಲ್ಲದಿದ್ದರೂ ಪರಿಭಾವಿತ ಅರಣ್ಯದ (ಅರಣ್ಯವೆಂದೇ ಪರಿಗಣಿಸಿದ ಜಾಗದ) ಪಟ್ಟಿಯಲ್ಲಿ ಸರ್ವೆ ನಂಬರ್ ಇರಬಹುದು. ಹಾಗಾಗಿ ವಲಯ ಅರಣ್ಯಾಧಿಕಾರಿ ಕಚೇರಿಯಿಂದ ಬರವಣಿಗೆಯಲ್ಲೇ ಉತ್ತರ ತಗೊಳ್ಳಿ. ಅಭಯಾರಣ್ಯದೊಳಗಾದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ದಾರಿಯೇ ಬೇರೆ.

ಪದೇ ಪದೇ ಆಗುವ ತಪ್ಪು ಒಂದಿದೆ. ಬೋರಿನ ಜಾಗದ ಪಹಣಿ ತೆಗೆಸುತ್ತಾರೆ, ದಾರಿಯದ್ದು ತೆಗೆಸುವುದಿಲ್ಲ. ಬೋರ್ ಹಿಡುವಳಿಯಲ್ಲಿ, ರಿಗ್ ಹೋಗುವುದು ಸೊಪ್ಪಿನ ಬೆಟ್ಟದ ಮೇಲೆ. ಕೊಂಬೆ ಕಡಿದ ದಿನವೇ ಕೇಸು. ದಾರಿ ದಾಟುವ ಪ್ರತಿ ಸರ್ವೆ ನಂಬರಿಗೂ ಪಹಣಿ ಬೇಕು. ದಿಶಾಂಕ್ ಆ್ಯಪ್ ಹಿಡಿದು ನಡೆದರೆ ನಂಬರುಗಳು ಸಿಗುತ್ತವೆ, ಆದರೆ ಮರದಡಿ ಫೋನಿನ ಜಿಪಿಎಸ್ ಹತ್ತಾರು ಅಡಿ ಆಚೀಚೆ ತೋರಿಸುತ್ತದೆ. ಗಡಿಯ ಹತ್ತಿರವಿದ್ದರೆ ಬಾಂದುಕಲ್ಲು ಹುಡುಕಿ, ಇಲ್ಲವೇ ಸರ್ವೆಯವರನ್ನು ಕರೆಸಿ.

ದಾರಿಗೆ ಜೆಸಿಬಿ ತರುವುದಕ್ಕೆ ನನ್ನ ಒಪ್ಪಿಗೆ ಕಷ್ಟ. ಇಲ್ಲಿ ಮೇಲೆ ಗಟ್ಟಿ ಜಂಬಿಟ್ಟಿಗೆ (ಕೆಂಪು ಮುರಕಲ್ಲು), ಅದರಡಿ ಶೇಡಿ ಎಂಬ ಮೆತ್ತನೆ ಜೇಡಿ ಮಣ್ಣು. ಬುಡ ಕಡಿದಿಟ್ಟ ಧರೆ ಬೇಸಿಗೆಯಲ್ಲಿ ಗೋಡೆಯಂತೆ ನಿಲ್ಲುತ್ತದೆ, ಆಷಾಢದಲ್ಲಿ ಶೇಡಿ ನೀರು ಕುಡಿದು ಮೇಲಿನದ್ದನ್ನೆಲ್ಲ ಹೊತ್ತುಕೊಂಡು ಕುಸಿಯುತ್ತದೆ. ಬಿಡಿಸಿ ಹೊತ್ತೊಯ್ಯುವ ಸಣ್ಣ ರಿಗ್ ಸಾಕಾಗುವ ಆಳವಿದ್ದರೆ ಅದನ್ನೇ ತರಿಸಿ. ಕೂಲಿ ಹೆಚ್ಚಾದರೂ ಕಾಲುದಾರಿ ಸಾಕು.

ಇನ್ನು ನೀರು. ಜಂಬಿಟ್ಟಿಗೆಯ ತುಂಬ ಪೊಳ್ಳು. ಕೊರೆಯುವಾಗ ಬೋರಿಗೆ ಬಿಟ್ಟ ನೀರು ಮೇಲೆ ಬರದೆ ಮಾಯವಾದರೆ ಅದು ಕೆಳಗಿನ ಮನೆಯ ಅಬ್ಬಿಯಲ್ಲಿ (ಒರತೆಯಿಂದ ಹರಿದು ಬರುವ ನೀರಿನಲ್ಲಿ) ಬಗ್ಗಡವಾಗಿ ಬರಬಹುದು. ಆದ್ದರಿಂದ ಇಳಿಜಾರಿನ ಕೆಳಗಿನ ಒರತೆ, ಬಾವಿಗಳನ್ನೆಲ್ಲ ಮೊದಲೇ ನಡೆದು ಗುರುತಿಸಬೇಕು. ಪೈಪು ಹಾಕಿಸಿದ ಯಜಮಾನರಿಗಿಂತ ಮನೆಯ ಹೆಂಗಸರನ್ನು ಕೇಳುವುದು ವಾಸಿ: "ಅಮ್ಮಾ, ಯಾವ ತಿಂಗಳಲ್ಲಿ ಸಣ್ಣ ಆಗುತ್ತೆ? ಬಗ್ಗಡ ಬಂದದ್ದುಂಟಾ?" ಬೆಳಿಗ್ಗೆ, ಯಾರೂ ಪಂಪು ಹಾಕುವ ಮೊದಲು, 10 ಲೀಟರ್ ಬಕೆಟ್ ತುಂಬಲು ಎಷ್ಟು ಸೆಕೆಂಡು ಎಂದು ಮೂರು ಸಲ ನೋಡಿ. 40 ಸೆಕೆಂಡಾದರೆ ನಿಮಿಷಕ್ಕೆ 15 ಲೀಟರ್. ದಿನಾಂಕ ಹಾಕಿ ಮನೆಯವರ ಸಹಿ ತಗೊಳ್ಳಿ. ಈ ಒಂದು ಹಾಳೆ ಇಲ್ಲದಿದ್ದರೆ ಆಮೇಲೆ ಬರುವ ದೂರಿಗೆ ಹೌದೆನ್ನಲೂ ಆಗದು, ಅಲ್ಲವೆನ್ನಲೂ ಆಗದು.

ನೀರು ಮಾಯವಾಗತೊಡಗಿದರೆ ಬೆಂಟೊನೈಟ್ ಜೇಡಿ ಪುಡಿ ಸುರಿಯುತ್ತಾ ಹೋಗುವುದಲ್ಲ, ನಿಲ್ಲಿಸಿ ಗಟ್ಟಿ ಕಲ್ಲಿನವರೆಗೆ ಕೇಸಿಂಗ್ ಪೈಪು ಇಳಿಸಬೇಕು. ಕೆಸರಿಗೆ ಒಂದರ ಹಿಂದೆ ಒಂದರಂತೆ ಎರಡು ಗುಂಡಿ, ಒಂದೊಂದೂ 1.5×1×1 ಮೀಟರ್. ಮೇಲ್ಮಣ್ಣು ಬೇರೆ ರಾಶಿ. ಎರಡನೆಯದರಿಂದ ತಿಳಿ ಮಾತ್ರ ರಿಗ್ಗಿಗೆ ವಾಪಸು, ಗದ್ದೆಗಲ್ಲ.

ಆಗುಂಬೆ ಕಡೆ ವರ್ಷಕ್ಕೆ 7,000 ಮಿ.ಮೀ. ಆಸುಪಾಸು ಮಳೆ, ಹಾಗಾಗಿ ಕೆಲಸ ಡಿಸೆಂಬರಿನಿಂದ ಏಪ್ರಿಲಿನೊಳಗೆ. ಅಡಿಕೆ ಸುಗ್ಗಿಯೂ ಆಗಲೇ. ಅಂಗಳದ ಪಕ್ಕ ಲಾರಿ ಓಡಿದರೆ ಒಣಗಿಸಿದ ಅಡಿಕೆಗೆಲ್ಲ ಧೂಳು. ದಾರಿಗೆ ದಿನಕ್ಕೆರಡು ಸಲ ನೀರು ಹಾಕುವ ಖರ್ಚನ್ನು ಮೊದಲೇ ಸೇರಿಸಿ.

ಮುಚ್ಚುವುದರಲ್ಲೇ ಹೆಚ್ಚಿನವರು ಜಾರುವುದು. ಮುಚ್ಚದ ಬೋರ್ ಮೇಲಿನ ಪದರದ ನೀರನ್ನು ಕೆಳಗಿನ ಬಿರುಕಿಗೆ ಇಳಿಸುತ್ತದೆ, ಅಬ್ಬಿ ಬತ್ತಬಹುದು. ಬೋರನ್ನು ಸಿಮೆಂಟ್ ಗ್ರೌಟಿನಿಂದ ತುಂಬಿಸಬೇಕು: ಮೀಟರಿಗೆ 4.5 ಲೀಟರ್ ಲೆಕ್ಕದಲ್ಲಿ 50 ಮೀಟರಿಗೆ 225 ಲೀಟರ್. 50 ಕೆಜಿ ಸಿಮೆಂಟಿಗೆ 25 ಲೀಟರ್ ನೀರು ಕಲಸಿದರೆ ಸುಮಾರು 41 ಲೀಟರ್ ಗ್ರೌಟ್. ಲೆಕ್ಕಕ್ಕೆ ಐದೂವರೆ ಚೀಲ, ಬಿರುಕಿಗೆ ಹೋಗುವುದೂ ಸೇರಿ ಎಂಟು ತರಿಸಿ. ಪೈಪನ್ನು ತಳದವರೆಗೆ ಇಳಿಸಿ ಕೆಳಗಿನಿಂದ ತುಂಬಿಸುತ್ತಾ ಬರಬೇಕು. ಮೇಲಿಂದ ಸುರಿದರೆ ನಡುವೆ ಕಟ್ಟಿಕೊಂಡು ಕೆಳಗೆ ಪೊಳ್ಳು ಉಳಿಯುತ್ತದೆ.

ಗ್ರೌಟನ್ನು ನೆಲಮಟ್ಟಕ್ಕಿಂತ ಎರಡಡಿ ಕೆಳಗೇ ನಿಲ್ಲಿಸಿ, ಮೇಲ್ಮಣ್ಣು ವಾಪಸು ಹಾಕಿಸಿ. ವಾರ ಬಿಟ್ಟು ಅಬ್ಬಿಗೆ ಮತ್ತೆ ಹೋಗಿ, ಅದೇ ಬಕೆಟ್, ಅದೇ ಹೊತ್ತು.