ಕಾಣಿಕೆ ಲೆಕ್ಕದ ಮೇಲೆ ಮಾತು ಬಂದಾಗ: ನನ್ನ ಅನುಭವ

ಹುಮನಾಬಾದ್ ಕಡೆಯ ಹಳ್ಳಿ ಕ್ರೈಸ್ತ ಸಭೆಗಳಲ್ಲಿ ಜನ ಕಾಣಿಕೆಯಾಗಿ ಕಾಳೂ ಕೊಡುತ್ತಾರೆ, ಅದರ ಲೆಕ್ಕ ಇಡುವ ಖಜಾಂಚಿಗೆ ಆರೋಪದ ಮಾತು ಕೇಳುವುದು ತಪ್ಪಿದ್ದಲ್ಲ. ಅಂಥ ಮಾತಿಗೆ ಉತ್ತರಿಸಲು ನಾನು ಹಿಡಿದ ದಾರಿ ನೋಡಿ "ಇಷ್ಟು ಮೆತ್ತಗಾದ್ರ ತಲಿ ಮ್ಯಾಲ ಕೂಡ್ತಾರ" ಅಂದವರೇ ಹೆಚ್ಚು. ಈಗ ಅಕ್ಕಪಕ್ಕದ ಸಭೆಯವರು ನಮ್ಮ ರಿಜಿಸ್ಟರ್ ನೋಡಿಕೊಂಡು ಹೋಗುತ್ತಾರೆ.

ಮಾತು ಬಂದ ದಿನ ಉತ್ತರ ಕೊಡುವುದಿಲ್ಲ. ಒಂದು ಹಾಳೆಯ ನಡುವೆ ಗೆರೆ ಎಳೆದು, ಎಡಕ್ಕೆ ಅವರಂದದ್ದನ್ನು ಅವರ ಮಾತಿನಲ್ಲೇ ಬರೆಯುತ್ತೇನೆ. ಬಲಕ್ಕೆ ಪರೀಕ್ಷಿಸಬಹುದಾದದ್ದು ಮಾತ್ರ: ತಾರೀಖು, ಮೊತ್ತ, ತೂಕ. "ಖಜಾಂಚಿ ಕಳ್ಳ ಇದ್ದಾನ" ಎಡಕ್ಕೇ ಉಳಿಯುತ್ತದೆ. "ತೊಗರಿ 50 ಕೆಜಿ ಕೊಟ್ಟೀನಿ, ಬುಕ್ಕಿನಾಗ 47 ಅದ" ಬಲಕ್ಕೆ ಹೋಗುತ್ತದೆ. ಎಡಭಾಗ ಪ್ರಾರ್ಥನೆಗೆ, ಬಲಭಾಗ ಉತ್ತರಕ್ಕೆ. ಶಪಿಸುತ್ತಾ ಕಲ್ಲೆಸೆದ ಶಿಮ್ಮಿ ಎಂಬವನನ್ನು ಅರಸ ದಾವೀದ ಹಾಗೇ ಬಿಟ್ಟ. ಅವನ ತಲೆ ಹಾರಿಸುತ್ತೇನೆಂದು ಎದ್ದವನು ದಾವೀದನ ಕಡೆಯ ಅಬೀಷೈ (ಬೈಬಲ್, 2 ಸಮುವೇಲ 16). ಅಂಥ ಅಬೀಷೈ ಪ್ರತಿ ಸಭೆಯಲ್ಲೂ ಇರುತ್ತಾನೆ, ಅವನಿಗೆ ಹಾಳೆ ತೋರಿಸಬೇಡಿ.

ಆ 47ರ ಗುಟ್ಟು ತೇವದಲ್ಲಿದೆ. 16% ತೇವದ 50 ಕೆಜಿ ತೊಗರಿಯಲ್ಲಿ ಒಣ ಕಾಳಿನ ಅಂಶ 42 ಕೆಜಿ. 12%ಗೆ ಒಣಗಿಸಿದರೆ ಚೀಲ 47.7ಕ್ಕೆ ಇಳಿಯುತ್ತದೆ, ಕೇರಿ ಹೊಟ್ಟು ಕಲ್ಲು ತೆಗೆದರೆ 47ರ ಹತ್ತಿರ. ಕದ್ದವರಿಲ್ಲ, ಆದರೆ ಬುಕ್ಕಿನಲ್ಲಿ ಒಂದೇ ತೂಕವಿದ್ದರೆ ಕೊಟ್ಟವರಿಗೆ ಅದು ತಿಳಿಯುವುದು ಹೇಗೆ? ಕಾಣಿಕೆ ಸಾಗಿಸುವಾಗ ತಪ್ಪು ಹೊರಿಸಲು ಎಡೆಯಾಗದಂತೆ ಅಪೊಸ್ತಲ ಪೌಲನು ಒಬ್ಬನನ್ನೇ ಕಳಿಸದೆ ಜೊತೆಗೆ ಬೇರೆಯವರನ್ನೂ ಕಳಿಸಿದ (2 ಕೊರಿಂಥ 8:20-21). ಹಾಗಾಗಿ ನಮ್ಮಲ್ಲಿ ತಂದಾಗೊಮ್ಮೆ, ಒಣಗಿದ ಮೇಲೊಮ್ಮೆ ತೂಕ, ಎರಡಕ್ಕೂ ಕೊಟ್ಟವರ ಸಹಿ. ತೂಗುಹಾಕುವ ತಕ್ಕಡಿಗೆ ಸುಮಾರು 700 ರೂಪಾಯಿ ಬಿತ್ತು, ಸಭೆ ಕೊಡಲಿಲ್ಲ, ನಾನೇ ಹಾಕಿದೆ. ಸುಗ್ಗಿ ಹಬ್ಬದ ಹರಾಜಿಗೆ 40-50 ಸಾವಿರ ಬರುತ್ತಿದ್ದುದು ಜಗಳದ ವರ್ಷ ಅರ್ಧಕ್ಕೆ ಇಳಿದಿತ್ತು. ಈಗ ಮೊದಲಿಗಿಂತ ಮೇಲಿದೆ.

ಇನ್ನು ಮನೆಗೆ ಹೋಗುವುದು. ಸಹೋದರ ನನಗೆ ತಪ್ಪು ಮಾಡಿದ್ದರೆ ಒಬ್ಬನೇ ಹೋಗಬೇಕು (ಮತ್ತಾಯ 18:15). ಅವನಿಗೇ ನನ್ನ ಮೇಲೆ ಏನಾದರೂ ಇದ್ದರೂ ನಾನೇ ಹೋಗಬೇಕು (ಮತ್ತಾಯ 5:23-24). ತಪ್ಪು ಯಾರದೇ ಇರಲಿ, ಮೊದಲು ಹೊರಡಬೇಕಾದವನು ನಾನು. ಹೊಲದಿಂದ ಬಂದು ಕೈಕಾಲು ತೊಳೆದುಕೊಂಡ ಹೊತ್ತು ಸರಿ. ರಿಜಿಸ್ಟರ್ ಚೀಲದಲ್ಲೇ ಇರಲಿ. ಮೊದಲೇ ತೆಗೆದರೆ ಕೋರ್ಟಿಗೆ ಬಂದಂತಾಗುತ್ತದೆ. ಪೂರಾ ಕೇಳಿದ ಮೇಲೆ ನಿಜವಿದ್ದದ್ದನ್ನು ಮೊದಲು ಒಪ್ಪುವುದು: "ಕಾಕಾ, ಇದು ನೀವು ಹೇಳಿದ್ದು ಖರೇ ಅದ, ಬರೋ ಐತವಾರದೊಳಗ ಸರಿ ಮಾಡ್ತೀನಿ." ಇಲ್ಲೇ ಬಹಳ ಜನ ಕೆಡಿಸುವುದು. ಅದರ ಬೆನ್ನಿಗೇ "ಆದ್ರ" ಅಂದರೆ ಒಪ್ಪಿದ್ದೆಲ್ಲ ಹೋಯಿತು. ಒಂದು ಲೋಟ ನೀರು ಕುಡಿಯುವಷ್ಟು ಬಿಡುವು ಕೊಟ್ಟು, ಸುಳ್ಳಾದದ್ದಕ್ಕೆ ಒಂದೇ ವಾಕ್ಯದಲ್ಲಿ ಉತ್ತರ. ಬಾಗಿಲಲ್ಲಿ ನಿಂತು ಹೇಳುವ ಮೊದಲ ಮಾತೊಂದಿದೆ, ಅದನ್ನು ಬರೆಯುವುದಿಲ್ಲ. ಎಲ್ಲರ ಬಾಯಲ್ಲೂ ಬಂದರೆ ಸವೆದುಹೋಗುತ್ತದೆ.

ವಾಟ್ಸಾಪ್‌ನಲ್ಲಿ "ಓದೀನಿ, ಸಂಜಿಗಿ ಮನಿಗಿ ಬರ್ತೀನಿ" ಬಿಟ್ಟು ಒಂದಕ್ಷರ ಬೇಡ. ವಾಯ್ಸ್ ಮೆಸೇಜ್ ಅಂತೂ ಬೇಡವೇ ಬೇಡ, ನಡುವಿನ ತುಂಡು ಊರೆಲ್ಲ ತಿರುಗುತ್ತದೆ. ಅವರ ಒಪ್ಪಿಗೆ ಕೇಳಿಯೇ ಮೊಬೈಲಿನಲ್ಲಿ ಮಾತುಕತೆ ರೆಕಾರ್ಡ್ ಮಾಡಿ ನೋಡಿದ್ದೂ ಆಯಿತು, ಜನ ಬಾಯಿಬಿಡಲಿಲ್ಲ.

ಎಲ್ಲರ ಮನೆಗೂ ಹೋಗಬೇಕಾಗಿಲ್ಲ. ಕೇಡು ಬಗೆದ ಸನ್ಬಲ್ಲಟನು ನಾಲ್ಕು ಸಲ ಕರೆದರೂ ಯೆರೂಸಲೇಮಿನ ಗೋಡೆ ಕಟ್ಟಿಸುತ್ತಿದ್ದ ನೆಹೆಮೀಯ ಕೆಲಸ ಬಿಟ್ಟಿಳಿಯಲಿಲ್ಲ. ಬಹಿರಂಗ ಪತ್ರ ಬಂದಾಗ ಅಂಥದ್ದೇನೂ ನಡೆದಿಲ್ಲವೆಂದು ಹೇಳಿ ಕಳಿಸಿದ (ನೆಹೆಮೀಯ 6). ಹೆಸರಿಲ್ಲದ ಚೀಟಿಗೆ ಅಷ್ಟೇ ಸಾಕು. ಸುಮ್ಮನಿರುವುದೊಂದೇ ಕ್ರೈಸ್ತ ಉತ್ತರ ಅನ್ನುವವರು ಯೋಹಾನ 18:23 ಓದಲಿ: ಕೆನ್ನೆಗೆ ಹೊಡೆದವನಿಗೆ ಯೇಸು, ತಪ್ಪಾಡಿದ್ದರೆ ಅದನ್ನು ತೋರಿಸು ಎಂದ.

ಮನೆಗೆ ಹೋದರೂ ಬಗೆಹರಿಯದಿದ್ದರೆ ಇಬ್ಬರು ಸಾಕ್ಷಿ. ಆ ಇಬ್ಬರಲ್ಲಿ ಒಬ್ಬ ದೂರಿದವರಿಗೆ ಬೇಕಾದವನೇ ಇರಲಿ. ಊಟ ಹಂಚುವಾಗ ತಮ್ಮ ವಿಧವೆಯರನ್ನು ಕಡೆಗಣಿಸಿದರೆಂದು ಗ್ರೀಕ್ ಮಾತಾಡುವವರು ದೂರಿದಾಗ ಆ ಕೆಲಸಕ್ಕೆ ಆರಿಸಿದ ಏಳೂ ಜನರದು ಗ್ರೀಕ್ ಹೆಸರೇ (ಅಪೊಸ್ತಲರ ಕೃತ್ಯಗಳು 6). ಅದಕ್ಕೇ ತೂಕದ ಬಗ್ಗೆ ಮಾತೆತ್ತಿದವರನ್ನೇ ಮುಂದಿನ ಸುಗ್ಗಿ ಹಬ್ಬಕ್ಕೆ ತಕ್ಕಡಿ ಹತ್ತಿರ ನಿಲ್ಲಿಸುತ್ತೇವೆ. ತೂಕ ಅವರೇ ಕೂಗಬೇಕು, ಬರೆಯುವ ಕೈ ಬೇರೆಯವರದು.